ಗಾಡಿ ತಿರುಗುವಷ್ಟು ಜಾಗ

ಬಾಗೂರಿನ ಚನ್ನಪ್ಪನವರ ಮನೆಯಲ್ಲಿ ಆ ದಿನಗಳಲ್ಲಿ ಮುದ್ದೆ ತಣ್ಣಗಾಗುತ್ತಿತ್ತು, ಮಾತು ಮಾತ್ರ ಬಿಸಿಯಾಗಿಯೇ ಇರುತ್ತಿತ್ತು. ತಟ್ಟೆಯ ಮುಂದೆ ಕೂತರೆ ಸಾಕು, ಇನ್ನೂ ಕೊಂಡೇ ಇರದ ಟ್ರ್ಯಾಕ್ಟರ್ ಬಂದು ನಡುವೆ ನಿಂತುಬಿಡುತ್ತಿತ್ತು.

"ನಲವತ್ತೇಳು ಎಚ್‌ಪಿ. ಅದಕ್ಕಿಂತ ಕಮ್ಮಿದು ನಮ್ಮನೆ ಬಾಗ್ಲಿಗೆ ಬರಾದೇ ಬ್ಯಾಡ" ಎಂದರು ಚನ್ನಪ್ಪ, ಸೊಪ್ಪಿನ ಸಾರಿಗೆ ಮುದ್ದೆ ಅದ್ದುತ್ತ.

"ಮಾವ, ನಮಗಿರೋದು ನಾಲ್ಕು ಕುದುರೆ, ಎರಡು ಎಕರೆ ತೋಟ" ಎಂದಳು ಸೊಸೆ ಧನ್ಯಾ. "ಲದ್ದಿ ಸಾಗಿಸ್ಬೇಕು, ಸೀಮೆಹುಲ್ಲು ತರ್ಬೇಕು, ಮಕ್ಕಳು ಸವಾರಿ ಮಾಡೋ ಬಯಲಿಗೆ ಹಲುಬೆ ಎಳೆದು ಮಣ್ಣು ಸಡಿಲ ಮಾಡ್ಬೇಕು. ಇಪ್ಪತ್ತು ಎಚ್‌ಪಿ ಧಾರಾಳವಾಗಿ ಸಾಕು."

"ಇಪ್ಪತ್ತಾ? ಅದು ಟ್ರ್ಯಾಕ್ಟರಲ್ಲ ಕಣವ್ವ, ಟ್ರ್ಯಾಕ್ಟರ್ ಮರಿ. ಊರಾಚೆ ಹೊಲ ಯಾರು ಉಳಾರು? ವರ್ಷಾ ವರ್ಷಾ ಆ ಬಸವೇಶನ ಮುಂದೆ ನಿಂತ್ಕಬೇಕಾ? ಅವನು ಬರೋ ಒತ್ಗೆ ಹದ ತಪ್ಪೋಗಿರ್ತದೆ."

ಬಸವೇಶ ಚನ್ನಪ್ಪನವರ ತಮ್ಮನ ಮಗ. ಅವನ ಹತ್ತಿರ ಐವತ್ತು ಎಚ್‌ಪಿಯ ಟ್ರ್ಯಾಕ್ಟರಿತ್ತು. ಅದು ಬೀದಿಯಲ್ಲಿ ಹಾದುಹೋದಾಗಲೆಲ್ಲ ಚನ್ನಪ್ಪ ಜಗಲಿಯ ಮೇಲೆ ಕೂತಲ್ಲೇ ಬೇರೆ ದಿಕ್ಕಿಗೆ ಮುಖ ತಿರುಗಿಸುತ್ತಿದ್ದರು.

"ಉಳುಮೆ ವರ್ಷಕ್ಕೆ ಎರಡು ಸಲ ಮಾವ. ಲದ್ದಿ ದಿನಾ ಬೀಳುತ್ತೆ."

ಮಗ ಅರುಣ್‌ಕುಮಾರ್ ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಆಟದ ಮೇಷ್ಟ್ರು. ಎರಡು ತಂಡಗಳ ನಡುವೆ ನಿಂತು ಅಭ್ಯಾಸವಿದ್ದವನು. "ಇಬ್ಬರು ಹೇಳೋದೂ ಸರಿ. ಮಧ್ಯದ್ದು, ಒಂದು ಮೂವತ್ತರದ್ದು ತಗೊಂಡ್ರೆ..."

"ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಗೆ ಮಾತಾಡ್ಬ್ಯಾಡ ಕಣ್ಲಾ" ಎಂದರು ಚನ್ನಪ್ಪ. ಅವನು ಮತ್ತೆ ಸಾರಿನ ಕಡೆ ಗಮನ ಕೊಟ್ಟ.

ಇಷ್ಟೂ ಹೊತ್ತು ಚನ್ನಪ್ಪನವರ ಹೆಂಡತಿ ಅನಸೂಯಮ್ಮ ಬಡಿಸುತ್ತಿದ್ದರು. ಬಲಗೈಯಲ್ಲಿ ಸೌಟು, ಆ ಬಲಗೈಯ ಮೊಣಕೈಗೆ ಎಡಗೈಯ ಆಸರೆ. ಬಲಭುಜ ನೋವಿನಿಂದ ಬಿಗಿದುಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು. ಎಲ್ಲರದೂ ಮುಗಿದ ಮೇಲೆ ಅವರು ಒಲೆಯ ಪಕ್ಕ ಒಬ್ಬರೇ ಕೂತು ಉಣ್ಣುವುದು ಆ ಮನೆಯ ರೂಢಿ. ಅದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಒಕ್ಕಲು ಮನೆಗೆ ಕುದುರೆ ಹೇಗೆ ಬಂತು ಅಂತ ಕೇಳುವವರಿಗೆ ಉತ್ತರ ಧನ್ಯಾ. ಅವಳ ಅಪ್ಪ ಮೈಸೂರಿನಲ್ಲಿ ಅಶ್ವದಳದ ಪೊಲೀಸರಾಗಿದ್ದವರು. ಅವಳು ನಡೆಯುವುದನ್ನು ಕಲಿತ ಕೂಡಲೇ ಸವಾರಿಯನ್ನೂ ಕಲಿತವಳು. ಮದುವೆಯಾಗಿ ಬಂದ ಮೇಲೆ, ಎತ್ತುಗಳು ಹೋಗಿ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ಒಂದು ಹೆಣ್ಣು ಕುದುರೆ ತಂದಳು. ಆಮೇಲೆ ಇನ್ನೂ ಮೂರು ಬಂದವು. ಶನಿವಾರ, ಭಾನುವಾರ ಹಾಸನ, ಚನ್ನರಾಯಪಟ್ಟಣದಿಂದ ಮಕ್ಕಳು ಕಾರಿನಲ್ಲಿ ಬಂದು ಸವಾರಿ ಕಲಿಯತೊಡಗಿದರು. ಚನ್ನಪ್ಪ ಮೊದಲು ಮುಖ ಗಂಟು ಹಾಕಿದರು. ಊರಿನವರು 'ಕುದುರೆ ಚನ್ನಪ್ಪ' ಅಂತ ಕರೆಯಲು ಶುರು ಮಾಡಿದ ಮೇಲೆ ಗಂಟು ತಾನಾಗಿ ಸಡಿಲಿತು.

ಮೊದಲು ಬಂದ ಕುದುರೆಗೆ ಗೌರಿ ಅಂತ ಹೆಸರಿಟ್ಟವರು ಅನಸೂಯಮ್ಮ, ಗೌರಿ ಹಬ್ಬದ ಮರುದಿನ ಬಂತೆಂದು. ಶುರುವಿನಲ್ಲಿ ದೂರ ನಿಂತು ನೋಡುತ್ತಿದ್ದವರು, ಬರಬರುತ್ತ ಕೊಟ್ಟಿಗೆಯ ಅರ್ಧ ಕೆಲಸವನ್ನೇ ಕೈಗೆತ್ತಿಕೊಂಡರು. ಬೆಳಗಿನ ಕಾಫಿಗೆ ಮುಂಚೆ ಹುರುಳಿ ಬೇಯಿಸಿಡುವುದು, ಲದ್ದಿ ಬಾಚಿ ಮಂಕರಿಗೆ ತುಂಬಿ ತಲೆಯ ಮೇಲೆ ಹೊತ್ತು ತೋಟದಾಚೆಯ ತಿಪ್ಪೆಗೆ ಹಾಕುವುದು, ಬರುವಾಗ ಗೌರಿಗೆ ಒಂದು ತುಂಡು ಬೆಲ್ಲ. ಅಡುಗೆಮನೆ ಅವರಿಗೆ ತಮ್ಮ ಅತ್ತೆಯಿಂದ ಬಂದದ್ದು; ಕೊಟ್ಟಿಗೆ ಅವರೇ ಗಳಿಸಿಕೊಂಡದ್ದು. ಅಲ್ಲಿ ಅವರು, ಧನ್ಯಾ ಇಬ್ಬರೂ ಬಾಯ್ತುಂಬ ಮಾತಾಡುತ್ತಿದ್ದರು, ನಗುತ್ತಿದ್ದರು.

ಭುಜ ಹಿಡಿದುಕೊಂಡಾಗ ಹಾಸನದ ಡಾಕ್ಟರು ಎರಡು ಮಾತು ಹೇಳಿದರು: ಭಾರ ಹೊರಬೇಡಿ, ಆದರೆ ಕೈ ಆಡಿಸುತ್ತಿರಿ. ಮನೆಯವರು ಮೊದಲನೆಯ ಮಾತನ್ನು ಭದ್ರವಾಗಿ ಹಿಡಿದುಕೊಂಡು ಎರಡನೆಯದನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದರು. "ಅವ್ವ, ನೀನು ಕೊಟ್ಟಿಗೆ ಕಡೆ ಕಾಲಿಡ್ಬೇಡ" ಅಂದ ಅರುಣ. "ಅತ್ತೆ, ನಾನಿಲ್ವಾ?" ಅಂದಳು ಧನ್ಯಾ. ಪ್ರೀತಿಯಿಂದಲೇ ಅಂದರು. ಪ್ರೀತಿಯಿಂದ ಹಾಕಿದ ಬಾಗಿಲು ಕೂಡ ಬಾಗಿಲೇ ಎಂದು ಅನಸೂಯಮ್ಮನಿಗೆ ಅನ್ನಿಸಿತು.

ಕೆಲಸಕ್ಕೆ ಇಟ್ಟುಕೊಂಡ ಆಳು ಎರಡು ವಾರಕ್ಕೇ ಹೆಚ್ಚು ಕೂಲಿ ಸಿಗುವ ಶುಂಠಿ ಹೊಲದ ಕೆಲಸಕ್ಕೆ ಹೋದ. ಧನ್ಯಾ ಒಬ್ಬಳೇ ಆದಳು. ಲದ್ದಿ ತಿಪ್ಪೆಯವರೆಗೆ ಹೋಗದೆ ಹಿತ್ತಿಲ ಬಾಗಿಲ ಹತ್ತಿರವೇ ಗುಡ್ಡೆಯಾಯಿತು, ನೊಣ ಅಡುಗೆಮನೆಗೆ ಬಂತು. ಆಗಲೇ ಟ್ರ್ಯಾಕ್ಟರಿನ ಮಾತು ಹುಟ್ಟಿದ್ದು.

ಒಂದು ಭಾನುವಾರ ಸಂಜೆ ಅಪ್ಪ, ಮಗ, ಸೊಸೆ ಮೂವರೂ ಚನ್ನರಾಯಪಟ್ಟಣದ ಷೋರೂಮಿಗೆ ಹೋಗಿ ಬಂದರು. ಅನಸೂಯಮ್ಮನನ್ನು ಯಾರೂ ಕರೆಯಲಿಲ್ಲ. ಬಂದ ಮೇಲೆ ಮೂವರೂ ಒಟ್ಟಿಗೇ ವರದಿ ಒಪ್ಪಿಸಿದರು.

"ಲೇ, ಅದರ ಮ್ಯಾಲೆ ಕೂತ್ರೆ ಏನಂತೀಯ, ಆನೆ ಮ್ಯಾಲೆ ಕೂತಂಗಾಯ್ತದೆ!" ಎಂದರು ಚನ್ನಪ್ಪ. ವಯಸ್ಸು ಎಪ್ಪತ್ತಾದರೂ ಮುಖದಲ್ಲಿ ಹೊಸ ಅಂಗಿ ತೊಟ್ಟ ಹುಡುಗನ ಕಳೆಯಿತ್ತು.

"ಅಷ್ಟು ಭಾರದ್ದು ಸವಾರಿ ಬಯಲಲ್ಲಿ ಓಡಾಡಿದ್ರೆ ನೆಲ ಗಟ್ಟಿಯಾಗುತ್ತೆ ಅತ್ತೆ, ಕುದುರೆ ಕಾಲಿಗೆ ಏಟು" ಎಂದಳು ಧನ್ಯಾ. "ಟ್ರೈಲರ್ ಹಾಕಿದ್ರೆ ಕೊಟ್ಟಿಗೆ ಪಕ್ಕದ ಬಾವಿ ಹತ್ರ ತಿರುಗೋದೇ ಇಲ್ಲ."

"ತಿರುಗಲ್ವಾ? ಅದೇ ಜಾಗದಲ್ಲಿ ನನ್ ಜೋಡಿ ಎತ್ತಿನ ಗಾಡಿ ತಿರುಗ್ತಿತ್ತು ಕಣವ್ವ! ತುಂಬಿದ ಗಾಡಿ! ನೀನು ಅವಾಗ ಹುಟ್ಟೂ ಇರ್ಲಿಲ್ಲ."

"ಮೂಗಿಗಿಂತ ಮೂಗುತಿ ಭಾರ ಆದೀತು" ಎಂದರು ಅನಸೂಯಮ್ಮ ಮೆಲ್ಲಗೆ.

"ನಿಂಗೇನ್ ಗೊತ್ತಾಯ್ತದೆ, ಸುಮ್ಕಿರು" ಎಂದರು ಗಂಡ. ಅನಸೂಯಮ್ಮ ಒಳಗೆ ಹೋದರು. ಗೊತ್ತಾಗುವವರು ಮೂರು ಜನ ಇದ್ದರಲ್ಲ.

ಮರುದಿನ ಎಲ್ಲರೂ ಅವರವರ ಕೆಲಸಕ್ಕೆ ಹೋದ ಹೊತ್ತು ನೋಡಿ ಅನಸೂಯಮ್ಮ ಸೆರಗಿನ ತುದಿಗೆ ಬೆಲ್ಲ ಗಂಟು ಹಾಕಿಕೊಂಡು ಕೊಟ್ಟಿಗೆಗೆ ಹೋದರು. ಗೌರಿ ಕೊನೆಯ ಕೋಣೆಯಿಂದ ಕತ್ತು ಹೊರಗೆ ಚಾಚಿ ಮೆಲ್ಲಗೆ ಕೆನೆಯಿತು. ಬಲಗೈ ಅದರ ಬಾಯಿಯವರೆಗೆ ಏಳಲಿಲ್ಲ; ಎಡಗೈಯಲ್ಲಿ ಕೊಡಬೇಕಾಯಿತು.

"ಕಳ್ಳಿ ಸಿಕ್ಕಿಬಿದ್ಲು" ಎಂದಳು ಹಿಂದಿನಿಂದ ಧನ್ಯಾ. ಅವಳ ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು.

"ಬೆಲ್ಲಾನೂ ಭಾರಾನೇನೇ? ಇಷ್ಟೂ ಮಾಡ್ಬಾರ್ದಾ ನಾನು?"

ಧನ್ಯಾ ಸಲಿಕೆ ಕೆಳಗಿಟ್ಟಳು. ಅತ್ತೆಯ ಪಕ್ಕ ಬಂದು ಗೌರಿಯ ಕತ್ತಿಗೆ ಒರಗಿ ನಿಂತಳು. "ನೀವಿಲ್ದೆ ನಂಗೂ ಇಲ್ಲಿ ಬೇಜಾರು ಅತ್ತೆ" ಎಂದಳು.

ಮುಂದಿನ ವಾರ ಚನ್ನಪ್ಪ ಯಾರನ್ನೂ ಕೇಳದೆ ಷೋರೂಮಿಗೆ ಫೋನು ಮಾಡಿ, ನಲವತ್ತೇಳರದನ್ನು ಟ್ರೈಲರ್ ಸಮೇತ ಮನೆಗೆ ತಂದು ತೋರಿಸಲು ಹೇಳಿದರು. ಷೋರೂಮಿನ ಶಶಿಕಿರಣ್ ತಾನೇ ಓಡಿಸಿಕೊಂಡು ಬಂದ. ಅಕ್ಕಪಕ್ಕದವರು ಸೇರಿದರು. ಬಸವೇಶನೂ ಬಂದು ಕೈ ಕಟ್ಟಿ ನಿಂತ. ಇನ್ನೂ ಕೊಳ್ಳದ ಗಾಡಿಗೆ ಚನ್ನಪ್ಪ ಅರಿಶಿನ ಕುಂಕುಮ ಹಚ್ಚಿಸಿಬಿಟ್ಟರು.

"ಒಳಿಕ್ಕೆ ಬುಡಪ್ಪ, ನಾನು ಸನ್ನೆ ಮಾಡ್ತೀನಿ."

"ಯಜಮಾನ್ರೇ, ಬಾವಿ ಹತ್ರ ಇಕ್ಕಟ್ಟು ಅನ್ನಿಸ್ತದೆ ಸಾ."

"ಗಾಡಿ ತಿರುಗೋ ಜಾಗ ಕಣಯ್ಯ ಅದು, ಬಾ!"

ಎತ್ತಿನ ಗಾಡಿ ತಿರುಗುವ ಬಗೆಯೇ ಬೇರೆ. ಒಳಗಿನ ಎತ್ತನ್ನು ನಿಂತಲ್ಲೇ ನಿಲ್ಲಿಸಿ ಹೊರಗಿನದನ್ನು ಸುತ್ತಿಸಿದರೆ ಗಾಡಿ ಅಂಗಳದಲ್ಲಿ ರಂಗೋಲಿ ಸುತ್ತಿದಂತೆ ತಿರುಗುತ್ತದೆ. ಅರ್ಧ ಆಯುಷ್ಯ ಹಾಗೆ ಗಾಡಿ ತಿರುಗಿಸಿದ ಮನುಷ್ಯನಿಗೆ ಟ್ರ್ಯಾಕ್ಟರಿಗೆ ನಿಂತಲ್ಲೇ ಹೆಜ್ಜೆ ಹಾಕುವ ಕಾಲುಗಳಿಲ್ಲ ಎಂಬುದು ಹೊಳೆಯಲೇ ಇಲ್ಲ. ಮುಂದಿನ ಚಕ್ರ ಬಾವಿಕಟ್ಟೆಗೆ ತಾಗಿ ನಿಂತಿತು. ಟ್ರೈಲರಿನ ಮೂಲೆ ಗೌರಿಯ ಕೋಣೆಯ ಕಂಬ ಮುರಿದು ಅಲ್ಲೇ ಕಚ್ಚಿಕೊಂಡಿತು. ಹಿಂದಕ್ಕೆ ತೆಗೆದರೆ ಟ್ರೈಲರ್ ಮಡಚಿಕೊಳ್ಳುತ್ತಿತ್ತು, ಮುಂದಕ್ಕೆ ಬಿಟ್ಟರೆ ಬಾವಿ. ಇಂಜಿನ್ನಿನ ಗದ್ದಲಕ್ಕೆ ಕುದುರೆಗಳು ಕಾಲು ಕೆದರಿ ಕೆನೆದವು. ಧನ್ಯಾ ಆಚೆಯ ಮೂರರ ಕಡೆ ಓಡಿದಳು. ಕಾಲಿಡಬೇಡ ಅಂದಿದ್ದ ಜಾಗಕ್ಕೆ ಅನಸೂಯಮ್ಮ ಎಲ್ಲರ ಕಣ್ಣೆದುರೇ ನುಗ್ಗಿ, ನಡುಗುತ್ತಿದ್ದ ಗೌರಿಯ ಮೂತಿಯನ್ನು ಎದೆಗೆ ಒತ್ತಿಕೊಂಡು ನಿಂತರು.

ಕೊನೆಗೆ ಟ್ರೈಲರನ್ನು ಬಿಚ್ಚಿ, ಬಸವೇಶನ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಹಿಂದಿನಿಂದ ಎಳೆಸಬೇಕಾಯಿತು. "ಬರ್ತೀನಿ ದೊಡ್ಡಪ್ಪ, ಇನ್ನೇನಾದ್ರು ಎಳಿಯೋದಿದ್ರೆ ಹೇಳಿ" ಎಂದು ಬಸವೇಶ ನಗದೆ ಹೇಳಿ ಹೋದ. ನಕ್ಕಿದ್ದರೇ ವಾಸಿಯಿತ್ತು.

ಅವತ್ತಿನ ಊಟ ತಡವಾಯಿತು.

"ತಪ್ಪು ಟ್ರ್ಯಾಕ್ಟರ್ದಲ್ಲ, ಜಾಗದ್ದು" ಎಂದು ಶುರು ಮಾಡಿದರು ಚನ್ನಪ್ಪ. "ಕೊಟ್ಟಿಗೆ ಕೊನೇ ರೂಮು ಕೆಡವಿಬುಟ್ರೆ ಸಲೀಸಾಗಿ ತಿರುಗ್ತದೆ."

"ಅದು ಗೌರಿ ರೂಮು ಅಪ್ಪ" ಎಂದ ಅರುಣ.

"ಗೊತ್ತು ಕಣ್ಲಾ. ಅದಕ್ಕೆ ವಯಸ್ಸಾಯ್ತು. ಸವಾರಿಗೂ ಇಲ್ಲ, ಮರಿ ಹಾಕಾಕೂ ಇಲ್ಲ. ಅರಕಲಗೂಡಲ್ಲಿ ಒಬ್ರು ಮದುವೆ ಮೆರವಣಿಗೆಗೆ ಕುದ್ರೆ ಹುಡುಕ್ತಾವ್ರಂತೆ. ಕೊಟ್ಬುಟ್ರೆ..."

ಧನ್ಯಾಳ ಕೈಯಲ್ಲಿದ್ದ ತುತ್ತು ತಟ್ಟೆಗೇ ಮರಳಿತು. ಅರುಣ ಅಪ್ಪನ ಮುಖ ನೋಡಿದ. ಅನಸೂಯಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟರು.

"ಕೆಲಸಕ್ಕೆ ಬಾರದೋರ್ನ ಆಚಿಗೆ ಕಳಿಸೋದಾದ್ರೆ ಮೊದ್ಲು ನನ್ನ ಕಳಿಸಿ" ಎಂದರು. ಧ್ವನಿ ಏರಲಿಲ್ಲ. "ಅರಕಲಗೂಡೇ ನನ್ ತವರು. ಗೌರಿನ ಒಯ್ಯೋ ಗಾಡೀಲೇ ನನ್ನೂ ಕೂರ್ಸಿ, ಬಾಡಿಗೆನಾದ್ರು ಉಳೀತದೆ."

"ಏಯ್, ಏನ್ ಮಾತೇ ಅದು..."

"ನಂಗೂ ವಯಸ್ಸಾಯ್ತು. ಮಂಕರಿ ಹೊರಾಕಿಲ್ಲ, ಸೌಟು ಎತ್ತಾಕಿಲ್ಲ. ಅವಳು ಬರ್ಬೇಡ ಅಂತಾಳೆ, ಇವನು ಮುಟ್ಬೇಡ ಅಂತಾನೆ. ಟ್ರ್ಯಾಕ್ಟರ್ ಎಷ್ಟು ದೊಡ್ದು ಇರ್ಬೇಕು ಅಂತ ಒಂದು ತಿಂಗ್ಳಿಂದ ಜಗಳ ಆಡ್ತಿದೀರಲ್ಲ, ಅದು ಬಂದ್ಮೇಲೆ ನಾನು ಎಲ್ಲಿರ್ಬೇಕು ಅಂತ ಒಬ್ರಾದ್ರು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಅನಸೂಯಮ್ಮ ಎದ್ದು ಹಿತ್ತಿಲಿಗೆ ಹೋದರು. ಆ ಹೊತ್ತು ಅವರು ಉಣ್ಣಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಟ್ರ್ಯಾಕ್ಟರಿನ ಸೊಲ್ಲೇ ಇಲ್ಲ. ಅಡುಗೆ ನಡೆಯಿತು, ಊಟ ನಡೆಯಿತು, ಮಾತು ಮಾತ್ರ ಉಪ್ಪಿನಷ್ಟೇ ಸಾಕು ಎನ್ನುವಂತಾಯಿತು. ಮುರಿದ ಕಂಬದ ಜಾಗಕ್ಕೆ ಚನ್ನಪ್ಪ ತಾವೇ ಹೊಸ ಕಂಬ ನಿಲ್ಲಿಸಿದರು, ಯಾರೂ ಹೇಳದೆ.

ಒಂದು ಗುರುವಾರ ಹೊಳೆನರಸೀಪುರದ ಶಾಲೆಯೊಂದರಲ್ಲಿ ಕುದುರೆ ತೋರಿಸುವ ಕಾರ್ಯಕ್ರಮವಿತ್ತೆಂದು ಧನ್ಯಾ ಒಂದು ಕುದುರೆಯ ಜೊತೆ ಬೆಳಗ್ಗೆಯೇ ಹೊರಟಳು. ಅರುಣ ಸ್ಕೂಲಿಗೆ ಹೋದ. ಕೊಟ್ಟಿಗೆ ಬಾಚುವ ಕೆಲಸ ಚನ್ನಪ್ಪನವರ ಪಾಲಿಗೆ ಬಂತು. ಎತ್ತಿನ ಸಗಣಿ ಬಾಚಿದ ಕೈ, ಇದ್ಯಾವ ಮಹಾ ಎಂದು ಪಂಚೆ ಎತ್ತಿ ಕಟ್ಟಿ ಹೋದರು. ಮೂರನೆಯ ಮಂಕರಿ ಹೊತ್ತು ತೋಟ ದಾಟಿ ಬಂದವರು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಸೊಂಟ ಹಿಡಿದಿತ್ತು. ಅನಸೂಯಮ್ಮ ಕಾಫಿ ತಂದುಕೊಟ್ಟು ಅಲ್ಲೇ ನಿಂತರು.

"ಇದ್ನ ದಿನಾ ಹೊರ್ತಿದ್ದಾ ನೀನು?"

"ದಿನಾ."

"ಹೇಳ್ಬಾರ್ದಾ?"

"ಕೇಳಿದ್ರೆ ಹೇಳ್ತಿದ್ದೆ."

ಚನ್ನಪ್ಪ ಕಾಫಿ ಕುಡಿದು ಮುಗಿಸಿದರು. ಲೋಟ ವಾಪಸು ಕೊಡುವಾಗ ಹೆಂಡತಿಯ ಬಲಭುಜವನ್ನು ನೋಡಿದರು. ಅಲ್ಲೇ ಕಣ್ಣು ನಿಂತಿತು. ಅನಸೂಯಮ್ಮ ನಾಚಿ ಸೆರಗು ಎಳೆದುಕೊಂಡರು.

"ನಾಳೀಕೆ ಹಾಸನಕ್ಕೆ ಓಗ್ಬರಾನ ನಡಿ. ಡಾಕ್ಟ್ರಿಗೆ ತೋರ್ಸಾನ."

ಮರುದಿನ ಹಾಸನದಲ್ಲಿ ಡಾಕ್ಟರು ಈ ಸಲವೂ ಅದೇ ಎರಡು ಮಾತು ಹೇಳಿದರು. ಚನ್ನಪ್ಪ ಎರಡನೆಯದನ್ನು ಇನ್ನೊಮ್ಮೆ ಹೇಳಿಸಿಕೊಂಡರು. "ಕೈ ಆಡ್ಸಬೇಕಾ? ಎಷ್ಟು ಆಡ್ಸಬೇಕು ಸಾ? ದಿನಾ ಆಡ್ಸಿದ್ರೆ ಒಳ್ಳೇದಾ?" ವಾಪಸು ಬರುವಾಗ ಬಸ್ಸು ಚನ್ನರಾಯಪಟ್ಟಣ ಮುಟ್ಟಿದ ಕೂಡಲೇ "ಇಳಿ" ಎಂದರು. ಬಾಗೂರಿನ ಬಸ್ಸಿಗೆ ಕರೆದುಕೊಂಡು ಹೋಗದೆ ಸೀದಾ ಷೋರೂಮಿನ ಮುಂದೆ ತಂದು ನಿಲ್ಲಿಸಿದರು.

ಶಶಿಕಿರಣ್ ಹಳೆಯ ಅನುಭವ ನೆನೆದು ಹುಷಾರಾಗಿಯೇ ಎದ್ದು ಬಂದ. "ಬನ್ನಿ ಯಜಮಾನ್ರೇ. ಹತ್ತಿ ಕೂತ್ಕೊಳ್ಳಿ."

"ನಾನಲ್ಲಪ್ಪ, ಇವಳು."

"ಅಯ್ಯೋ, ಏನೂಂದ್ರೆ, ಬುದ್ಧಿ ಗಿದ್ಧಿ ನೆಟ್ಟಗದಾ?" ಅನಸೂಯಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

ಚನ್ನಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಲೇ, ನೊಗ ಕೆತ್ತಿಸೋವಾಗ ಎತ್ತನ್ನ ಆಚಾರಿ ಮನೆ ಬಾಗ್ಲಿಗೇ ಹೊಡ್ಕಂಡೋಗ್ತಿದ್ದೆ ನಾನು. ಎಗಲು ನೋಡಿ ಕೆತ್ತಪ್ಪ ಅಂತಿದ್ದೆ. ಎಗಲು ನೋಡ್ದೆ ಯಾವತ್ತೂ ನೊಗ ಮಾಡಿಸ್ದೋನಲ್ಲ. ಇದಕ್ಕೆ ಮಾತ್ರ ನಾನೇ ಬಂದು ಕೂತ್ಕಂಡು ನೋಡ್ಕಂಡೋದೆ."

"ಅಂಗಾದ್ರೆ ನಾನೇನು ಎತ್ತಾ?"

"ಎತ್ತಲ್ಲ ಕಣೆ" ಎಂದರು ಚನ್ನಪ್ಪ. ಆಚೆ ರಸ್ತೆ ಕಡೆ ತಿರುಗಿ, "ನನ್ ಜೋಡಿ" ಎಂದರು. ಮದುವೆಯಾಗಿ ನಲವತ್ತು ವರ್ಷ ದಾಟಿದ ಮೇಲೆ, ಪರವೂರಿನ ಷೋರೂಮಿನಲ್ಲಿ, ಪರ ಹುಡುಗನ ಎದುರು ಬಂದ ಮಾತು ಅದು. ಅನಸೂಯಮ್ಮ ತಲೆ ತಗ್ಗಿಸಿ ಸೀರೆಯ ನೆರಿಗೆ ಸರಿಮಾಡಿಕೊಂಡರು, ಆಮೇಲೆ ಹತ್ತಲು ಹೊರಟರು.

ನಲವತ್ತೇಳರದರ ಮೆಟ್ಟಿಲೇ ಎಟುಕಲಿಲ್ಲ. ಮೂವತ್ತರದಕ್ಕೆ ಹತ್ತಿದರು, ಕ್ಲಚ್ಚು ಎಟುಕಲಿಲ್ಲ. ಮೂಲೆಯಲ್ಲಿ ನಿಂತಿದ್ದ ಇಪ್ಪತ್ತು ಎಚ್‌ಪಿಯ ಮಿನಿ ಟ್ರ್ಯಾಕ್ಟರಿಗೆ ಒಂದೇ ಹೆಜ್ಜೆಗೆ ಹತ್ತಿದರು. ಶಶಿಕಿರಣ್ ಸೀಟನ್ನು ಮುಂದಕ್ಕೆ ಎಳೆದ.

"ಕಾಲು ಎಟುಕ್ತದಾ?" ಎಂದರು ಚನ್ನಪ್ಪ, ಬಗ್ಗಿ ಹೆಂಡತಿಯ ಪಾದ ನೋಡುತ್ತ.

"ಎಟುಕ್ತದೆ."

"ಸ್ಟೇರಿಂಗ್ ತಿರುಗ್ಸಿ ಅಮ್ಮ, ಪವರ್ ಸ್ಟೇರಿಂಗು. ಸ್ಟಾರ್ಟ್ ಮಾಡ್ತೀನಿ ಇರಿ" ಎಂದ ಶಶಿಕಿರಣ್. ಇಂಜಿನ್ನು ಶುರುವಾದ ಮೇಲೆ ಚಕ್ರ ಹೇಳಿದ ಹಾಗೆ ಕೇಳಿತು. ಭುಜದ ಎತ್ತರಕ್ಕೂ ಕೈ ಏರಬೇಕಾಗಿರಲಿಲ್ಲ. ಅನಸೂಯಮ್ಮ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಇನ್ನೊಮ್ಮೆ ಎಡಕ್ಕೆ ತಿರುಗಿಸಿದರು. ಇಳಿಯಿರಿ ಅನ್ನುವವರೆಗೂ ಇಳಿಯಲಿಲ್ಲ.

ಟ್ರ್ಯಾಕ್ಟರ್ ಮರಿ ಮನೆಗೆ ಬಂತು. ಹೊಲದ ಉಳುಮೆಗೆ ಬಸವೇಶನನ್ನೇ ಕರೆಯುವುದೆಂದು ಚನ್ನಪ್ಪ ತಾವಾಗಿ ಹೇಳಿದರು; ಹೇಳುವಾಗ ಕಷಾಯ ಕುಡಿದವರ ಮುಖವಿತ್ತು. ಸಂಜೆ ಹೊತ್ತು ಸವಾರಿ ಬಯಲಿನಲ್ಲಿ ಅರುಣ ಅವ್ವನಿಗೆ ಪಾಠ ಹೇಳಿದ. ಸ್ಕೂಲಿನ ಸೀಟಿ ತಂದಿದ್ದ.

"ಅವ್ವ, ಸೀಟಿ ಊದಿದ್ರೆ ಬ್ರೇಕು!"

"ನೀನು ಊದಾದ್ ನೋಡಿದ್ರೆ ನಗು ಬತ್ತದೆ ಕಣ್ಲಾ, ಬ್ರೇಕು ಮರ್ತೋಯ್ತದೆ."

ಒಂದು ಸಲ ಬೇಲಿಗೆ ಗುದ್ದಿದರು. ಒಂದು ಸಲ ಕ್ಲಚ್ಚು ಬಿಟ್ಟ ರಭಸಕ್ಕೆ ಗಾಡಿ ಮುನ್ನುಗ್ಗಿ, ಬದಿಗೆ ಜಿಗಿದ ಚನ್ನಪ್ಪನವರ ಟೋಪಿ ಹಾರಿತು. ಟ್ರೈಲರ್ ಕಟ್ಟಿಕೊಂಡು ಹಿಂದಕ್ಕೆ ಬರುವುದನ್ನು ಕಲಿಯಲು ವಾರಗಳೇ ಹಿಡಿದವು. ಗೇಟಿನಿಂದಾಚೆಗೆ ಹೋಗುವಂತಿಲ್ಲ ಎಂಬುದು ಮಗನ ಕರಾರು. "ಆಚೆ ನಂಗೇನ್ ಕೆಲ್ಸ" ಎಂದರು ಅನಸೂಯಮ್ಮ. "ನನ್ ಕೊಟ್ಟಿಗೆ ಒಳಗಡೆ ಅದೆ."

ಕಾರ್ತಿಕದ ಒಂದು ಭಾನುವಾರ ಧನ್ಯಾ ಟ್ರೈಲರಿಗೆ ಲದ್ದಿ ತುಂಬಿದಳು, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತರು. ಬಾವಿಯ ಹತ್ತಿರ ತಿರುಗಬೇಕಾದ ಜಾಗ ಬಂತು. ಚನ್ನಪ್ಪ ತಡೆಯಲಾರದೆ ಮುಂದೆ ಓಡಿ, ಎತ್ತುಗಳನ್ನು ಕರೆಯುವಂತೆ ಎರಡೂ ಕೈ ಚಾಚಿ ಹಿಂದೆ ಹಿಂದೆ ಹೆಜ್ಜೆ ಹಾಕಿದರು. "ಬಾ, ಬಾ... ಆಂ, ಬಾ!"

"ಪಕ್ಕಕ್ಕೆ ಸರೀರಿ ಅತ್ಲಾಗೆ, ನಿಮ್ಮನ್ನ ನೋಡ್ಲಾ, ಬಾವಿ ನೋಡ್ಲಾ?"

ಅವರು ಸರಿದರು. ಟ್ರ್ಯಾಕ್ಟರು ಬಾವಿಕಟ್ಟೆಗೂ ತಾಗದೆ, ಹೊಸ ಕಂಬಕ್ಕೂ ತಾಗದೆ ಒಂದೇ ಸುತ್ತಿಗೆ ತಿರುಗಿ ತೋಟದ ದಾರಿ ಹಿಡಿಯಿತು. ಕೊನೆಯ ಕೋಣೆಯಿಂದ ಗೌರಿ ಕತ್ತು ಚಾಚಿ ಹೋಗುವವರನ್ನು ನೋಡಿತು.

ಬೇಲಿಯಾಚೆ ಬಸವೇಶ ನಿಂತಿದ್ದ. "ದೊಡ್ಡಪ್ಪ, ಇದೇನು ಮಕ್ಕಳ ಆಟದ ಸಾಮಾನಾ?"

"ಊಂ ಕಣ್ಲಾ. ಎಲ್ಲಿ, ನಿಂದು ತಂದು ಇಲ್ಲಿ ತಿರುಗ್ಸು ನೋಡಾನ" ಎಂದರು ಚನ್ನಪ್ಪ.

ತಿಪ್ಪೆಗೆ ಸುರಿದು ವಾಪಸು ಬಂದ ಅನಸೂಯಮ್ಮ ಗೌರಿಯ ಮುಂದೆ ಇಂಜಿನ್ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿದರು. ಬಲಗೈ ಸಲೀಸಾಗಿ ಏನೂ ಏಳಲಿಲ್ಲ, ಆದರೆ ಎದ್ದಿತು. ಬೆಲ್ಲ ಗೌರಿಯ ಬಾಯಿ ಮುಟ್ಟಿತು. ಧನ್ಯಾ ನೋಡಿಯೂ ನೋಡದವಳಂತೆ ಎರಡನೆಯ ಸಲಕ್ಕೆ ಟ್ರೈಲರ್ ತುಂಬತೊಡಗಿದಳು, ಮೂಗು ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. "ಲೇ, ಊಟ?" ಎಂದರು ಚನ್ನಪ್ಪ ಹಿತ್ತಿಲ ಬಾಗಿಲಿಂದ.

"ಮುದ್ದೆ ಕಟ್ಟಿಟ್ಟಿವ್ನಿ, ನೀವೇ ಬಡಿಸ್ಕಳಿ" ಎಂದು ಅನಸೂಯಮ್ಮ ಮತ್ತೆ ಇಂಜಿನ್ ಶುರು ಮಾಡಿದರು. "ನಂದಿನ್ನೊಂದು ಟ್ರಿಪ್ ಅದೆ."

ಚನ್ನಪ್ಪ ಒಳಗೆ ಹೋಗಿ ತಟ್ಟೆಗಳನ್ನು ಹಾಕಿದರು. ಯಾವಾಗಲೂ ಹಾಕುತ್ತಿದ್ದ ಮೂರರ ಪಕ್ಕದಲ್ಲಿ ಇನ್ನೊಂದನ್ನೂ ಹಾಕಿದರು. ಅರುಣ ಬಂದು ಕೂತು ಸಾರಿಗೆ ಕೈ ಚಾಚಿದ.

"ಇರ್ಲಾ" ಎಂದರು ಅಪ್ಪ. "ನಿಮ್ಮವ್ವ ಬರ್ಲಿ."

ತೋಟದ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ಇಬ್ಬರೂ ತಟ್ಟೆಯ ಮುಂದೆ ಕೂತು ಕಾದರು. ಮುದ್ದೆ ತಣ್ಣಗಾಯಿತು.